ಸರ್ವೋತ್ತಮ ಶೆಟ್ಟರ ಬಾರ್ಲಿ ನೀರು

ಅಹ್ಮದ್ ಬಾವ ಕೇಳಿದಾಗ ಸರ್ವೋತ್ತಮ ಶೆಟ್ಟರು ಸುಮ್ಮನೆ ನಕ್ಕುಬಿಟ್ಟಿದ್ದರೆ ಸಾಕಿತ್ತು. ಆದರೆ ಅವರು ಉತ್ತರ ಕೊಟ್ಟರು.

"ಎಂಟು ಕಿಲೋ ಬಾರ್ಲಿಯಾ?" ಎಂದು ಮಂಗಳೂರು ಬಂದರಿನ ತಮ್ಮ ದಿನಸಿ ಅಂಗಡಿಯಲ್ಲಿ ಬಾವ ತಕ್ಕಡಿ ಹಿಡಿದುಕೊಂಡೇ ಹುಬ್ಬೇರಿಸಿದ್ದರು. "ಎಂತಕ್ಕೆ ಶೆಟ್ರೇ ಇಷ್ಟು? ಜನ ಕಾಲು ಕಿಲೋ ತಗೊಂಡು ಹೋಗಿ ಒಂದು ವರ್ಷ ಮಾಡ್ತಾರೆ."

ಹಿಂದೆ ಮೂವರು ಗಿರಾಕಿಗಳು ಕಿವಿ ನಿಗುರಿಸಿ ನಿಂತಿದ್ದರು. ಶೆಟ್ಟರ ಬಾಯಿಗೆ ಬಂದದ್ದು ಒಂದೇ ಶಬ್ದ.

"ಕಲ್ಲು" ಎಂದರು, ಸೊಂಟದ ಮೇಲೆ ಕೈಯಿಟ್ಟು.

ಮೂತ್ರದ ಕಲ್ಲಿಗೆ ಬಾರ್ಲಿ ನೀರು ಕುಡಿಯುವ ಮದ್ದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಎಂಟು ಕಿಲೋ ಬಾರ್ಲಿ ಬೇಡುವ ಕಲ್ಲು ಎಂದರೆ ಕಡಿಮೆಯೆಂದರೂ ಅರೆಯುವ ಕಲ್ಲಿನಷ್ಟಾದರೂ ಇರಬೇಕೆಂದು ಬಾವ ಮನಸ್ಸಿನಲ್ಲೇ ಅಂದಾಜು ಮಾಡಿ, ಮರುಕದಿಂದ ಎರಡು ಹಿಡಿ ಹೆಚ್ಚೇ ಹಾಕಿ ಕೊಟ್ಟರು. ಆ ಮರುಕ ಸಂಜೆಯೊಳಗೆ ಬಂದರಿನಿಂದ ಶೆಟ್ಟರ ಮನೆಯಿದ್ದ ಕದ್ರಿಗೆ ಬಂತು. ಮರುದಿನ ಬಲ್ಮಠದಲ್ಲಿ ಶೆಟ್ಟರು ಹೆಡ್ ಕ್ಲಾರ್ಕ್ ಆಗಿದ್ದ ವಿಮಾ ಕಚೇರಿಯನ್ನೂ ಹೊಕ್ಕಿತು. ಮ್ಯಾನೇಜರರು ಕರೆದು, "ಪಾಪ, ಮೆಟ್ಟಿಲು ಹತ್ತಬೇಡಿ" ಎಂದರು. ಕಚೇರಿ ಇದ್ದದ್ದೇ ಮೂರನೆಯ ಮಾಳಿಗೆಯಲ್ಲಿ.

ನಿಜ ಸಂಗತಿಯೆಂದರೆ, ಶೆಟ್ಟರ ಸೊಂಟದಲ್ಲಿ ಸಾಸಿವೆ ಕಾಳಿನಷ್ಟೂ ಕಲ್ಲು ಇರಲಿಲ್ಲ. ಅವರಿಗೆ ಇದ್ದದ್ದು ಹಟ.

ಶೆಟ್ಟರು ಬಿಯರಿನ ಭಕ್ತರು. ಕುಡುಕರಲ್ಲ, ಭಕ್ತರು. ವಾರಕ್ಕೆ ಒಂದು ಬಾಟ್ಲಿ, ಅದೂ ಶನಿವಾರ, ಹಂಪನಕಟ್ಟೆಯ ಬಾರೊಂದರ ಮೂಲೆ ಮೇಜಿನಲ್ಲಿ. ಬಾಟ್ಲಿಯನ್ನು ಬೆಳಕಿಗೆ ಹಿಡಿದು, ಲೇಬಲ್ಲಿನ ತಾರೀಕು ಓದಿ, "ಇದು ನವರಾತ್ರಿಯ ಮಾಲು, ಬೇಡ. ದೀಪಾವಳಿಯದ್ದು ಉಂಟಾ ನೋಡು" ಎಂದು ವಾಪಸು ಕಳಿಸುವ ಗಿರಾಕಿ ಆ ಬಾರಿನಲ್ಲಿ ಅವರೊಬ್ಬರೇ. ಯಾವ ಕಂಪನಿಯ ಬಿಯರು ಯಾವ ತಿಂಗಳು ಹೇಗಿತ್ತು, ಘಾಟಿಯಲ್ಲಿ ಲಾರಿ ಕೆಟ್ಟು ನಿಂತು ಯಾವ ಪೆಟ್ಟಿಗೆ ಬಿಸಿಲು ತಿಂದು ಬಂತು ಎಂಬುದೆಲ್ಲ ಅವರ ನೀಲಿ ರಟ್ಟಿನ ನೋಟ್ ಬುಕ್ಕಿನಲ್ಲಿತ್ತು. ಹೀಗಿರುವಾಗ ಒಮ್ಮೆ ಪಣಂಬೂರಿನ ಹೊಸ ಬಂದರಿಗೆ ವಿಮೆಯ ಕಾಗದಗಳಿಗಾಗಿ ಹೋದವರಿಗೆ ವಿದೇಶಿ ಹಡಗಿನ ಅಡುಗೆಯವನೊಬ್ಬ ಒಂದು ಕಪ್ಪು ಬಾಟ್ಲಿ ಕೊಟ್ಟ. ಅದನ್ನು ಕುಡಿದ ಮೇಲೆ ಅಲ್ಲಿಯವರೆಗಿನ ನೋಟ್ ಬುಕ್ಕಿನ ಹಾಳೆಗಳೆಲ್ಲ ಅವರಿಗೆ ವ್ಯರ್ಥವಾಗಿ ಕಂಡವು. ಊರಿನ ಬಿಯರು ಅದರೆದುರು ಉಪ್ಪು ಹಾಕಲು ಮರೆತ ಗಂಜಿ.

"ಇಂಥದ್ದನ್ನು ನಾವೇ ಯಾಕೆ ಮಾಡಬಾರದು?" ಎಂದು ಅವರು ಒಂದು ಶನಿವಾರ ಮೂಲೆ ಮೇಜಿನಲ್ಲಿ ಕೇಳಿದರು.

ಆ ಮೇಜಿನ ಹಿರಿಯರು ಲೋಕನಾಥ ಆಳ್ವರು. ಮುಂಬಯಿಯ ಬಿಯರ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ನಿವೃತ್ತರಾಗಿ ಊರಿಗೆ ಬಂದವರು. ಬಿಯರಿನ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಆಳ್ವರು ಮೀಸೆಗೆ ಅಂಟಿದ ನೊರೆ ಒರೆಸಿಕೊಂಡು ಹೇಳಿದರು:

"ಈ ಮಂಗಳೂರಿನ ಸೆಕೆಯಲ್ಲಾ? ವಿನೆಗರ್ ಆಗ್ತದೆ. ಬಿಯರ್ ಮಾಡ್ಲಿಕ್ಕೆ ಕೈ ಬೇಕು ಶೆಟ್ರೇ. ನೀವು ಪಾಲಿಸಿ ಬರೀರಿ."

ಮೇಜಿನವರೆಲ್ಲ ನಕ್ಕರು. ಶೆಟ್ಟರೂ ನಕ್ಕರು. ನಗುತ್ತಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡರು: ಇದೇ ಆಳ್ವರ ಬಾಯಿಂದ "ಬಿಯರ್ ಅಂದ್ರೆ ಇದು" ಎಂದು ಹೇಳಿಸದಿದ್ದರೆ ನನ್ನ ಹೆಸರು ಸರ್ವೋತ್ತಮನಲ್ಲ.

ಹಳೆಯ ಪುಸ್ತಕದ ರಾಶಿಯಲ್ಲಿ ಇಂಗ್ಲಿಷಿನ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಶೆಟ್ಟರು ಸಿಪ್ಪೆ ತೆಗೆಯದ ಬಾರ್ಲಿಯನ್ನು ಅಟ್ಟದಲ್ಲಿ ಗೋಣಿಯ ಮೇಲೆ ಮೊಳಕೆ ಬರಿಸಿದರು, ಬಿಸಿಲಲ್ಲಿ ಒಣಗಿಸಿದರು, ಕಾವಲಿಯಲ್ಲಿ ಹುರಿದರು, ಕುಟ್ಟಿದರು, ಬಿಸಿನೀರಿನಲ್ಲಿ ಕಲಸಿ ಹಳೆಯ ಪಂಚೆಯಲ್ಲಿ ಸೋಸಿದರು. ಪುಸ್ತಕದಲ್ಲಿ ಹೇಳಿದ ಕಹಿ ಹೂವು ಮಂಗಳೂರಿನಲ್ಲಿ ಎಲ್ಲಿ ಸಿಗಬೇಕು? ಅದರ ಬದಲಿಗೆ ಜ್ವರಕ್ಕೆ ಕಷಾಯ ಮಾಡುವ ಕಿರಾತಕಡ್ಡಿ ಹಾಕಿ ಕುದಿಸಿದರು. ಹುದುಗಿಗೆ ಮಾತ್ರ ಊರಿನದ್ದೇ ಶ್ರೇಷ್ಠವಾದದ್ದು ಸಿಕ್ಕಿತು: ಕಳ್ಳು ಇಳಿಸುವ ದುಗ್ಗಪ್ಪ ಪೂಜಾರಿಯ ಮಡಕೆಯ ತಳದಲ್ಲಿ ನಿಂತ ಗಷ್ಟು, ಅರ್ಧ ಚೊಂಬು. "ಎಂತಕ್ಕೆ ಧಣಿ?" ಎಂದು ದುಗ್ಗಪ್ಪನೂ ಕೇಳಿದ್ದ. "ಕಲ್ಲಿಗೆ" ಎಂದಿದ್ದರು ಶೆಟ್ಟರು. ಮನೆಯಲ್ಲಿ ಹೆಂಡತಿ ಕುಶಲಾ ಕೇಳಿದಾಗಲೂ ಅದೇ ಉತ್ತರ. ಕುಶಲಾ ಒಂದು ಕ್ಷಣ ಗಂಡನ ಮುಖ ನೋಡಿ, "ಹೌದಾ?" ಎಂದು ಉಪ್ಪಿನಕಾಯಿಯ ದೊಡ್ಡ ಭರಣಿಯನ್ನು ತೊಳೆದುಕೊಟ್ಟಿದ್ದಳು.

ಇಷ್ಟೆಲ್ಲ ಗುಟ್ಟು ಯಾಕೆಂದರೆ, ಮನೆಯಲ್ಲಿ ಬಿಯರ್ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಕಾರಣ ಪಕ್ಕದ ಮನೆ. ಮೂರು ತಿಂಗಳ ಹಿಂದೆ ಅಲ್ಲಿಗೆ ಬಾಡಿಗೆಗೆ ಬಂದವರು ಮಹಾಬಲ ರೈಗಳು, ಅಬಕಾರಿ ಇನ್ಸ್‌ಪೆಕ್ಟರು. ಅವರ ಮನೆಯೆದುರು ಇಲಾಖೆಯ ಜೀಪು, ಅವರ ಮುಖದಲ್ಲಿ ಇಲಾಖೆಗೇ ಹೇಳಿ ಮಾಡಿಸಿದಂಥ ಒಂದು ಉದ್ದ ಮೂಗು.

೧೯೮೧ರ ಜನವರಿಯ ಒಂದು ಆದಿತ್ಯವಾರ. ಭರಣಿಯ ಬಾಯಿ ಕಟ್ಟಿ ಒಂಬತ್ತು ದಿನವಾಗಿತ್ತು. ಸಂಜೆ ನಾಲ್ಕಕ್ಕೆ ಆಳ್ವರಿಗೆ ಬರಹೇಳಿಯಾಗಿತ್ತು. ಶೆಟ್ಟರು ಬೆಳಗ್ಗೆ ಏಳಕ್ಕೆ ಉಗ್ರಾಣದ ಬಾಗಿಲು ಹಾಕಿಕೊಂಡು, ಭರಣಿಯ ಬಟ್ಟೆ ಬಿಚ್ಚಿ, ಒಂದು ಚಮಚ ನಾಲಿಗೆಗೆ ಬಿಟ್ಟರು.

ತುದಿಯಲ್ಲಿ ಚುರುಕ್ಕೆಂದು ಇರುವೆ ಕಚ್ಚಿದ ಹಾಗೆ. ನಡುವಿನಲ್ಲಿ ಹುರಿದ ಕಾಳಿನ ಸವಿ. ಕೊನೆಗೆ ಗಂಟಲಿನಲ್ಲಿ ನಿಂತು ಮಾತಾಡಿಸುವ ಕಹಿ. ಶೆಟ್ಟರ ಕಣ್ಣಲ್ಲಿ ನೀರು ಬಂತು. ಹಡಗಿನ ಬಾಟ್ಲಿಯದ್ದೇ ಜಾತಿ! ಸ್ವಲ್ಪ ಬಡವನಾದರೂ ಹತ್ತಿರದ ನೆಂಟ. ಇನ್ನೊಂದು ಚಮಚಕ್ಕೆ ಕೈ ಹೋಯಿತು, ಹಿಂದಕ್ಕೆಳೆದುಕೊಂಡರು. ಇಲ್ಲ, ಎರಡನೆಯ ಗುಟುಕು ಆಳ್ವರ ಮುಖ ನೋಡುತ್ತಲೇ.

ಹಿತ್ತಿಲಿಗೆ ಬಂದು ಮುಖ ತೊಳೆಯುತ್ತಿದ್ದಾಗ ಕಂಪೌಂಡ್ ಗೋಡೆಯ ಮೇಲೆ ಮೊದಲು ಒಂದು ಮೂಗು, ಆಮೇಲೆ ಇಡೀ ಇನ್ಸ್‌ಪೆಕ್ಟರು ಕಾಣಿಸಿಕೊಂಡರು.

"ನಮಸ್ಕಾರ ಶೆಟ್ರೇ. ಎಂತದೋ ಪರಿಮಳ ಬರ್ತದಲ್ಲ ನಿಮ್ಮ ಕಡೆಯಿಂದ?"

ಶೆಟ್ಟರ ಬಾಯಿಯಲ್ಲಿದ್ದ ನೀರು ಒಳಕ್ಕೇ ಹೋಯಿತು. "ಅದು... ದನಕ್ಕೆ ಹಿಂಡಿ ನೆನೆ ಹಾಕಿದ್ದು ರೈಗಳೇ."

"ನಿಮ್ಮಲ್ಲಿ ದನ ಇಲ್ಲವಲ್ಲ?"

"ತರ್ಬೇಕೂಂತ ಉಂಟು."

ರೈಗಳು ಕಣ್ಣು ಮುಚ್ಚಿ ಇನ್ನೊಮ್ಮೆ ದೀರ್ಘವಾಗಿ ಉಸಿರೆಳೆದರು. ಅಷ್ಟರಲ್ಲಿ ಎದುರು ಮನೆಯ ಗೆರ್ಟ್ರೂಡ್ ಬಾಯಿ ಸೀರೆಯ ಸೆರಗಿನಿಂದ ಒಂದು ಚೊಂಬು ಮುಚ್ಚಿಕೊಂಡು ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಂದ ಹೇಳಿದ್ದನ್ನು ಮಾಡಿಸಿದ ಹೆಂಗಸು. ನಿವೃತ್ತಿಯಾದ ಮೇಲೆ ಬೀದಿಯವರಿಂದ ಮಾಡಿಸುತ್ತಿದ್ದರು.

"ಬಾಳೆದಿಂಡಿನ ರಸ. ಒಂದೇ ಉಸಿರಿಗೆ ಕುಡೀಬೇಕು. ನನ್ನ ಅಣ್ಣನಿಗೆ ಗೋಲಿಯಷ್ಟು ದೊಡ್ಡ ಕಲ್ಲು ಬಿದ್ದು ಟಿಣ್ ಅಂತ ಸದ್ದಾಗಿತ್ತು."

"ಕಲ್ಲಾ? ಯಾರಿಗೆ ಕಲ್ಲು?" ಎಂದರು ರೈಗಳು.

"ಗೊತ್ತಿಲ್ವಾ? ಊರಿಗೆಲ್ಲ ಗೊತ್ತುಂಟು. ಎಂಟು ಕಿಲೋ ಬಾರ್ಲಿಯ ಔಷಧ ಮಾಡಿಟ್ಟಿದ್ದಾರೆ ಭರಣಿಯಲ್ಲಿ."

"ಓ, ಬಾರ್ಲಿಯಾ!" ಎಂದರು ರೈಗಳು. ಅವರ ಮುಖ ಬೆಳಗಿತು. ಆ ಬೆಳಕು ಶೆಟ್ಟರಿಗೆ ಪೊಲೀಸ್ ಟಾರ್ಚಿನ ಹಾಗೆ ಕಂಡಿತು. "ಹಾಗಾದ್ರೆ ಒಂದು ಗ್ಲಾಸು ನನಗೂ ಕೊಡಿ ಮಾರಾಯ್ರೆ. ನನಗೂ ಸೊಂಟದಲ್ಲಿ ಸ್ವಲ್ಪ ಹಿಡಿತ ಉಂಟು. ಈಗ್ಲೇ ಬರ್ತೇನೆ."

ಒಂದು ಕಾಲನ್ನು ಅವರು ಗೋಡೆಯ ಮೇಲೆ ಎತ್ತಿಯೇಬಿಟ್ಟರು. ಅವರನ್ನು ತಡೆಯಲು ಶೆಟ್ಟರಿಗೆ ಹೊಳೆದದ್ದು ಒಂದೇ ಉಪಾಯ. ಸೊಂಟ ಹಿಡಿದುಕೊಂಡು, "ಅಯ್ಯಯ್ಯೋ ದೇವರೇ!" ಎಂದು ಬಾವಿಕಟ್ಟೆಯ ಬುಡದಲ್ಲಿ ಉರುಳಿದರು.

ಉಪಾಯ ಅಗತ್ಯಕ್ಕಿಂತ ಹೆಚ್ಚು ಫಲಿಸಿತು. ಗೆರ್ಟ್ರೂಡ್ ಬಾಯಿ ಬಿದ್ದವರ ಮೂಗು ಹಿಡಿದು ಚೊಂಬಿನ ರಸವಷ್ಟನ್ನೂ ಒಳಗೆ ಹೊಯ್ದರು. ಅದೇ ಹೊತ್ತಿಗೆ ಅಹ್ಮದ್ ಬಾವ ಸ್ಕೂಟರಿನ ಹಿಂದೆ ಒಂದು ಗೊನೆ ಎಳನೀರು ಕಟ್ಟಿಕೊಂಡು, ರೋಗಿಯನ್ನು ನೋಡಿಹೋಗಲು ಬಂದರು. ಹೊರಳಾಡುತ್ತಿದ್ದ ಶೆಟ್ಟರನ್ನು ಕಂಡು ಅವರು ಗೊನೆಯನ್ನು ಹೊತ್ತುಕೊಂಡೇ ಓಡಿ ಬಂದರು.

"ಇದು ಮನೆಯಲ್ಲಿ ಇಟ್ಕೊಳ್ಳುವ ಕೇಸ್ ಅಲ್ಲ. ಡಾಕ್ಟ್ರ ಹತ್ರ ಹೋಗುವ. ಟ್ಯಾಕ್ಸಿ ಸಿಗ್ತದಾ?"

"ಟ್ಯಾಕ್ಸಿ ಯಾಕೆ? ನನ್ನ ಜೀಪು ಉಂಟಲ್ಲ!" ಎಂದರು ಇನ್ಸ್‌ಪೆಕ್ಟರು.

"ಬೇಡ ರೈಗಳೇ, ಕಡಿಮೆ ಆಯ್ತು" ಎಂದು ಶೆಟ್ಟರು ದಡಕ್ಕನೆ ಎದ್ದು ಕೂತರು.

"ಅದೇ ಅಪಾಯ" ಎಂದರು ಗೆರ್ಟ್ರೂಡ್ ಬಾಯಿ. "ನನ್ನ ಅಣ್ಣನಿಗೂ ಹೀಗೇ ಕಡಿಮೆ ಆಗಿ ಆಗಿ ಹೆಚ್ಚಾದದ್ದು."

ಹತ್ತು ನಿಮಿಷದಲ್ಲಿ ಶೆಟ್ಟರು, ಮನೆಯಲ್ಲಿ ಕಾನೂನುಬಾಹಿರ ಬಿಯರ್ ಇಟ್ಟುಕೊಂಡವರು, ಅಬಕಾರಿ ಇಲಾಖೆಯ ಜೀಪಿನ ಮುಂದಿನ ಸೀಟಿನಲ್ಲಿ ಅಬಕಾರಿ ಇನ್ಸ್‌ಪೆಕ್ಟರ ಪಕ್ಕದಲ್ಲಿ ಕೂತು ಕದ್ರಿಯ ಇಳಿಜಾರು ಇಳಿಯುತ್ತಿದ್ದರು. ಹಿಂದೆ ಕೂತ ಅಹ್ಮದ್ ಬಾವ ತಿರುವಿಗೊಂದರಂತೆ ಎಳನೀರು ಕೆತ್ತಿ ಕೊಡುತ್ತಿದ್ದರು. ಮನೆ ಬಿಡುವಾಗ ಕುಶಲಾ ಬಾಗಿಲಲ್ಲಿ ನಿಂತು, "ನಿಧಾನ ಬನ್ನಿ, ಅವಸರ ಇಲ್ಲ" ಎಂದದ್ದು ಶೆಟ್ಟರಿಗೆ ವಿಚಿತ್ರವೆನಿಸಿತ್ತು.

"ಇವತ್ತು ಆದಿತ್ಯವಾರ" ಎಂದರು ರೈಗಳು, ರಸ್ತೆಯನ್ನೇ ನೋಡುತ್ತ. "ಯೂನಿಫಾರ್ಮ್ ಇಲ್ಲ. ಡ್ಯೂಟಿ ಇಲ್ಲ. ಇವತ್ತು ನಾನು ಬರೀ ಮಹಾಬಲ."

ಇದು ಬಲೆ, ಎಂದುಕೊಂಡರು ಶೆಟ್ಟರು. "ಹೌದು" ಎಂದಷ್ಟೇ ಹೇಳಿದರು.

"ಕೊಡಗಿನಲ್ಲಿ ಇದ್ದಾಗ ಒಬ್ರು ಪ್ಲಾಂಟರು ಮನೆಯಲ್ಲೇ ಎಂತೆಂತದೋ ಮಾಡ್ತಿದ್ರು. ನನಗೆ ಗೊತ್ತಿತ್ತು. ನಾನು ಎಂತ ಹೇಳ್ಲಿಲ್ಲ."

"ಅಂಥವರನ್ನು ಹಿಡೀಬೇಕು ರೈಗಳೇ" ಎಂದರು ಶೆಟ್ಟರು ಗಟ್ಟಿಯಾಗಿ. "ಒಳಗೆ ಹಾಕ್ಬೇಕು."

ರೈಗಳು ನಿಟ್ಟುಸಿರು ಬಿಟ್ಟು ಗೇರು ಬದಲಾಯಿಸಿದರು.

ಕಂಕನಾಡಿಯ ಡಾಕ್ಟರು ಮನೆಯಲ್ಲೇ ರೋಗಿಗಳನ್ನು ನೋಡುವವರು. ಆದರೆ ಆದಿತ್ಯವಾರ ಹನ್ನೊಂದರ ಮೊದಲು ಕೆಳಗಿಳಿಯುವವರಲ್ಲ. ಕಾದು ಕಾದು ಒಳಗೆ ಹೋದಾಗ ಅವರು ಶೆಟ್ಟರ ಹೊಟ್ಟೆ, ಬೆನ್ನು, ಪಕ್ಕೆಗಳನ್ನೆಲ್ಲ ಪಪಾಯಿ ಹಣ್ಣಾಗಿದೆಯೇ ಎಂದು ನೋಡುವ ಹಾಗೆ ಒತ್ತಿ ನೋಡಿದರು.

"ಇಲ್ಲಿ ನೋವುಂಟಾ?"

ಶೆಟ್ಟರು ಹೊರಗಿನ ಬೆಂಚಿನಲ್ಲಿದ್ದ ರೈಗಳ ಕಡೆ ನೋಡಿದರು. ರೈಗಳು ಬಾಗಿಲ ಪರದೆಯ ಸಂದಿಯಿಂದ ಆತಂಕದಲ್ಲಿ ಇಣುಕುತ್ತಿದ್ದರು. "ಉಂಟು."

"ಇಲ್ಲಿ?"

"ಅಲ್ಲೂ ಉಂಟು."

"ಇಲ್ಲಿ?" ಎಂದು ಡಾಕ್ಟರು ಮೊಣಕಾಲು ಒತ್ತಿದರು.

"ಸ್ವಲ್ಪ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಒಂದು ಇಂಜೆಕ್ಷನ್ ಚುಚ್ಚಿದರು. ಮೂತ್ರ ಚೆನ್ನಾಗಿ ಹೋಗಲೆಂದು ಒಂದು ಮಾತ್ರೆ ಅಲ್ಲೇ ನುಂಗಿಸಿದರು. ಮತ್ತೆ ಹೊರಗೆ ಬಂದು, ಜೊತೆಗೆ ಬಂದವರಿಗೆ ದನಿ ತಗ್ಗಿಸಿ ಹೇಳಿದರು: "ನೀರು ಚೆನ್ನಾಗಿ ಹೋಗ್ಬೇಕು. ಹಾಗೆ ನೋಡಿದ್ರೆ ದಿನಾ ಒಂದು ಗ್ಲಾಸು ಬಿಯರ್ ಕುಡಿದ್ರೂ ನಡೀತದೆ. ಹೆಂಡತಿಗೆ ನಾನು ಹೇಳಿದ್ದೂಂತ ಹೇಳ್ಬೇಡಿ."

ರೈಗಳು ಕುಳಿತಲ್ಲಿಂದ ಎದ್ದೇ ನಿಂತರು. "ಮನೆಯಲ್ಲೇ ಮಾಡಿದ್ದಾದ್ರೆ ಇನ್ನೂ ಒಳ್ಳೇದಲ್ವಾ ಡಾಕ್ಟ್ರೇ?"

ಹೇಳುತ್ತ ಅವರು ನೋಡಿದ್ದು ಡಾಕ್ಟರನ್ನಲ್ಲ, ಡಾಕ್ಟರ ಹಿಂದೆ ಬಂದು ನಿಂತ ಶೆಟ್ಟರನ್ನು. ಶೆಟ್ಟರ ಬೆನ್ನ ಮೇಲೆ ಬೆವರು ಗೆರೆ ಎಳೆಯುತ್ತ ಇಳಿಯಿತು. "ಛೆ ಛೆ, ಬಿಯರ್ ಅಂದ್ರೆ ನನಗೆ ವಾಂತಿ ಬರ್ತದೆ" ಎಂದರು, ಮೂವತ್ತು ತಿಂಗಳ ಬಿಯರಿನ ಜಾತಕ ಬರೆದಿಟ್ಟಿದ್ದ ಆ ಮನುಷ್ಯ.

ಗಂಟೆ ಒಂದಾಗಿತ್ತು. ಮನೆಗೆ ಹೋದರೆ ಸಾಕೆಂದು ಶೆಟ್ಟರು ಜೀಪು ಹತ್ತಿದರೆ ಅಹ್ಮದ್ ಬಾವ, "ಇಷ್ಟು ದೂರ ಬಂದಾಗಿದೆ, ನನ್ನ ಉಮ್ಮನ ಕಷಾಯ ಒಂದು ಕುಡಿದೇ ಹೋಗುವ. ಡಾಕ್ಟ್ರ ಮದ್ದು ಒಂದು ಕಡೆ, ಉಮ್ಮನ ಮದ್ದು ಒಂದು ಕಡೆ" ಎಂದು ಹಟ ಹಿಡಿದರು. ರೈಗಳೂ ಹೂಂ ಎಂದರು. ಅವರಿಗೆ ಶೆಟ್ಟರ ಸಂಗ ಬಿಟ್ಟು ಹೋಗುವ ಯೋಚನೆಯೇ ಇದ್ದಂತೆ ಕಾಣಲಿಲ್ಲ.

ಬಂದರಿನ ಅಂಗಡಿಯ ಹಿಂದಿನ ಮನೆಯಲ್ಲಿ ಬಾವರ ತಾಯಿ, ಎಂಬತ್ತು ದಾಟಿದ ಖತೀಜಮ್ಮ, ಯಾವುದೋ ಬೇರನ್ನು ತೇದು, ಕುದಿಸಿ, ಆರಿಸಿ, ದೊಡ್ಡ ಲೋಟದ ತುಂಬ ಕೊಟ್ಟರು. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು. "ಕುಡಿ ಮಗನೇ. ದೇವರು ಒಳ್ಳೇದು ಮಾಡ್ತಾನೆ" ಎಂದರು. ಅಷ್ಟು ವಯಸ್ಸಾದ ಜೀವ ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವಷ್ಟು ಕೆಟ್ಟವರಲ್ಲ ಶೆಟ್ಟರು. ಕುಡಿದರು.

ಹಿಂತಿರುಗುವ ದಾರಿಯಲ್ಲಿ ಬಾಳೆದಿಂಡು, ಐದು ಎಳನೀರು, ಡಾಕ್ಟರ ಮಾತ್ರೆ, ಖತೀಜಮ್ಮನ ಬೇರು ಎಲ್ಲವೂ ಒಳಗೆ ಸೇರಿ ಒಂದೇ ದಾರಿ ಹುಡುಕತೊಡಗಿದವು. ಅದರ ಮೇಲೆ ಹಂಪನಕಟ್ಟೆಯಲ್ಲಿ ಒಂದು ಮದುವೆ ದಿಬ್ಬಣ. ಬ್ಯಾಂಡಿನವರು ಜೀಪಿನ ಮುಂದೆಯೇ ನಿಂತು ಪೂರ್ತಿ ಹಾಡು ಬಾರಿಸಿದರು. ಶೆಟ್ಟರು ಕಾಲಿನ ಮೇಲೆ ಕಾಲು ಹಾಕಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತರು. ಅಲ್ಲೇ ಇಳಿದು ಎಲ್ಲಾದರೂ ಓಡಬಹುದಿತ್ತು. ಆದರೆ ಇಳಿದರೆ ಹತ್ತು ನಿಮಿಷ ಹೋಗುತ್ತದೆ, ಗಂಟೆ ಆಗಲೇ ಮೂರೂ ಮುಕ್ಕಾಲು, ಆಳ್ವರು ಐದು ನಿಮಿಷವೂ ಕಾಯುವ ಪೈಕಿಯಲ್ಲ.

"ನೋವು ಹೆಚ್ಚಾಯ್ತಾ?" ಎಂದರು ರೈಗಳು ಕನಿಕರದಿಂದ.

"ವೇಗ... ಸ್ವಲ್ಪ ವೇಗ..." ಎಂದರು ಶೆಟ್ಟರು.

ಮನೆ ಮುಟ್ಟಿದಾಗ ಲೋಕನಾಥ ಆಳ್ವರು ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಾಗಿತ್ತು. ಶೆಟ್ಟರು ಅವರಿಗೆ ನಮಸ್ಕಾರವನ್ನೂ ಹೇಳದೆ ಹಿತ್ತಿಲಿಗೆ ಓಡಿದರು. ಬಹಳ ಹೊತ್ತಾದ ಮೇಲೆ, ಹತ್ತು ವರ್ಷ ಚಿಕ್ಕವರಾದ ಹಾಗೆ ಹಗುರಾಗಿ ಬಂದು ನೋಡಿದರೆ ಜಗಲಿಯಲ್ಲಿ ಆಳ್ವರ ಪಕ್ಕ ಇನ್ಸ್‌ಪೆಕ್ಟರು, ಇನ್ಸ್‌ಪೆಕ್ಟರ ಪಕ್ಕ ಅಹ್ಮದ್ ಬಾವ, ಮೆಟ್ಟಿಲಲ್ಲಿ ಗೆರ್ಟ್ರೂಡ್ ಬಾಯಿ. ಎಲ್ಲರನ್ನೂ ಕೂರಿಸಿದವಳು ಕುಶಲಾ. ಶೆಟ್ಟರು ಏನಾದರೂ ಹೇಳುವ ಮೊದಲೇ ಅವಳು ಹರಿವಾಣದಲ್ಲಿ ಐದು ಲೋಟಗಳನ್ನು ತಂದಿಟ್ಟಳು.

"ಇವರ ಔಷಧ. ಎಲ್ರೂ ಸ್ವಲ್ಪ ಸ್ವಲ್ಪ ರುಚಿ ನೋಡಿ" ಎಂದಳು ನಿರುಮ್ಮಳವಾಗಿ.

ಶೆಟ್ಟರ ಜೀವ ಬಾಯಿಗೆ ಬಂತು. ಅವರ ಬಿಯರು! ಅಬಕಾರಿ ಇನ್ಸ್‌ಪೆಕ್ಟರ ಕೈಯಲ್ಲಿ! ರೈಗಳು ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ತುಟಿಗೆ ಇಟ್ಟರು. ಒಂದು ಗುಟುಕು. ಅವರ ಮುಖ ಗಾಳಿ ಹೋದ ಟಯರಿನ ಹಾಗೆ ನಿಧಾನವಾಗಿ ಇಳಿಯಿತು. ಲೋಟವನ್ನು ಕೆಳಗಿಟ್ಟು ದೂರ ಸರಿಸಿದರು.

ಆಳ್ವರೂ ಲೋಟ ಎತ್ತಿದರು. ಮೂಸಿದರು. ಬೆಳಕಿಗೆ ಹಿಡಿದರು. ಒಂದು ಗುಟುಕು ಬಾಯಲ್ಲಿ ಆಚೆ ಈಚೆ ಆಡಿಸಿ ನುಂಗಿದರು. ನಕ್ಕರು.

"ಇದಕ್ಕಾ ನನ್ನನ್ನು ಕರೆದದ್ದು? ಬಾರ್ಲಿ ಕಷಾಯ, ಬೆಲ್ಲ ಸ್ವಲ್ಪ ಹೆಚ್ಚು. ನಾನು ಅವತ್ತೇ ಹೇಳಿದೆ ಶೆಟ್ರೇ, ನೀವು ಪಾಲಿಸಿ ಬರೀರಿ."

ಅವಸರದಲ್ಲಿ ಶೆಟ್ಟರೂ ಒಂದು ಲೋಟ ಕಿತ್ತುಕೊಂಡು ಕುಡಿದರು. ಚುರುಕು ಇಲ್ಲ. ನೊರೆ ಇಲ್ಲ. ಬೆಳಗಿನ ಇರುವೆ ಸತ್ತುಹೋಗಿತ್ತು. ನಾಲಿಗೆಗೆ ಸಿಕ್ಕಿದ್ದು ಬೆಲ್ಲ, ಜೀರಿಗೆ, ಶುಂಠಿ.

ಆಗ ಅವರು ಸುಮ್ಮನಿದ್ದುಬಿಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಕೇಸಿಲ್ಲ, ಕಲ್ಲಿಲ್ಲ, ಆದಿತ್ಯವಾರದ ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದರೆ ಆಳ್ವರ ಆ ನಗು! ಒಂದು ತಿಂಗಳ ಮೊಳಕೆ, ಬಿಸಿಲು, ಹೊಗೆ, ಸುಳ್ಳುಗಳೆಲ್ಲ ಒಟ್ಟಾಗಿ ಶೆಟ್ಟರ ತಲೆಗೇರಿದವು.

"ಇದು ಬಿಯರ್!" ಎಂದು ಅವರು ಕೂಗಿದರು.

ತುಟಿಯ ಹತ್ತಿರ ಲೋಟ ತಂದಿದ್ದ ಅಹ್ಮದ್ ಬಾವ ಅದನ್ನು ಕೆಂಡದ ಹಾಗೆ ಕೆಳಗಿಟ್ಟರು.

"ಶೆಟ್ರಿಗೆ ಇಂಜೆಕ್ಷನ್ ತಲೆಗೆ ಹತ್ತಿದೆ" ಎಂದರು ರೈಗಳು ಗಡಿಬಿಡಿಯಲ್ಲಿ. "ಕೂತ್ಕೊಳ್ಳಿ ಮಾರಾಯ್ರೆ. ಮಾತಾಡ್ಬೇಡಿ."

"ನಾನು ಯಾಕೆ ಕೂತ್ಕೊಳ್ಳುದು? ನನ್ನ ಕೈಯಾರೆ ಮಾಡಿದ್ದೇನೆ. ದುಗ್ಗಪ್ಪನ ಕಳ್ಳಿನ ಗಷ್ಟು ಹಾಕಿ, ಒಂಬತ್ತು ದಿನ ಹುಳಿ ಬರಿಸಿ ಮಾಡಿದ್ದೇನೆ. ಬೆಳಗ್ಗೆ ಇತ್ತು ಆಳ್ವರೇ! ದೇವರಾಣೆಗೂ ಬೆಳಗ್ಗೆ ಬಿಯರ್ ಆಗಿತ್ತು!"

"ಕಲ್ಲಿಗೆ ಅಂತ ಹೇಳಿ ನನ್ನ ಅಂಗಡಿಯ ಬಾರ್ಲಿ ಇದಕ್ಕಾ ಶೆಟ್ರೇ?" ಎಂದರು ಅಹ್ಮದ್ ಬಾವ. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚು. "ನನ್ನ ಉಮ್ಮನ ಕೈಯಿಂದ ಕಷಾಯ ಮಾಡಿಸಿದಿರಿ."

ಶೆಟ್ಟರು ತಲೆ ತಗ್ಗಿಸಿದರು.

ಉತ್ತರ ಕೇಳುವ ಹಕ್ಕು ತಮ್ಮದೆಂದು ಗೆರ್ಟ್ರೂಡ್ ಬಾಯಿ ಎದ್ದು ನಿಂತರು. "ಇನ್ಸ್‌ಪೆಕ್ಟ್ರೇ, ಕೇಳಿದಿರಲ್ಲ? ಈಗ ನೀವು ಎಂತ ಮಾಡ್ತೀರಿ? ನಾಲ್ಕು ಜನರ ಎದುರು ಒಪ್ಪಿಕೊಂಡಿದ್ದಾರೆ. ನೀವು ಬರೀದಿದ್ರೆ ನಾಳೆ ಜನ ಎಂತ ಹೇಳ್ತಾರೆ?"

ರೈಗಳು ಹಣೆ ಒರೆಸಿಕೊಂಡರು. ಜೀಪಿನಿಂದ ಕಾಗದ, ಪೆನ್ನು ತಂದು, ಮನಸ್ಸಿಲ್ಲದ ಮನಸ್ಸಿನಿಂದ ಬರೆಯತೊಡಗಿದರು. ಭರಣಿಯನ್ನು ಜಗಲಿಗೆ ತರಿಸಿದರು. ಕೊನೆಗೆ ಆಳ್ವರ ಕಡೆ ತಿರುಗಿದರು. "ಬಿಯರ್ ಕಾರ್ಖಾನೆಯಲ್ಲಿ ಇದ್ದವರು ನೀವು. ನಿಮ್ಮ ಅಭಿಪ್ರಾಯ ಹೇಳಿ. ಇದರಲ್ಲಿ ಮಾದಕ ಅಂಶ ಉಂಟಾ?"

ಆಳ್ವರು ಭರಣಿಯಿಂದಲೇ ಇನ್ನೊಮ್ಮೆ ರುಚಿ ನೋಡಿದರು. "ಒಂದು ತೊಟ್ಟೂ ಇಲ್ಲ. ಇದು ಬಿಯರ್ ಅಲ್ಲ."

"ಆಳ್ವರೇ, ಇನ್ನೊಮ್ಮೆ ನೋಡಿ" ಎಂದು ಶೆಟ್ಟರು ಅಂಗಲಾಚಿದರು. ಜೈಲು ತಪ್ಪುತ್ತಿದೆ ಎಂಬುದು ಅವರ ಗಮನಕ್ಕೇ ಬರಲಿಲ್ಲ.

"ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಹೇಳ್ತೇನೆ. ಇದು ಬಿಯರ್ ಅಲ್ಲ. ಎಲ್ಲಿ ಸೈನ್ ಮಾಡ್ಬೇಕು?"

ಆಳ್ವರು ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದರು. ಅಹ್ಮದ್ ಬಾವ, "ನನ್ನ ಬಾರ್ಲಿಯ ಮರ್ಯಾದೆ ಉಳೀತು" ಎಂದು ಸಂತೋಷದಿಂದ ಹಾಕಿದರು. ಗೆರ್ಟ್ರೂಡ್ ಬಾಯಿ ಕಾಗದದಲ್ಲಿದ್ದ ಎರಡು ಅಕ್ಷರದೋಷ ತಿದ್ದಿ ಹಾಕಿದರು. ಸರ್ವೋತ್ತಮ ಶೆಟ್ಟಿಯವರು ತಯಾರಿಸಿದ ದ್ರವವು ಬಿಯರ್ ಅಲ್ಲವೇ ಅಲ್ಲ ಎಂದು ಮೂವರ ಸಹಿಯೊಂದಿಗೆ ಸರ್ಕಾರದ ದಾಖಲೆಯಾಯಿತು.

ಎಲ್ಲರೂ ಹೋದ ಮೇಲೆ ಶೆಟ್ಟರು ಅಡುಗೆಮನೆಗೆ ಬಂದರು. ಒಲೆಯ ಮೇಲೆ ಭತ್ತ ಬೇಯಿಸುವ ತಾಮ್ರದ ಹಂಡೆ. ಅದರ ಅಂಚಿನಲ್ಲಿ ಒಣಗಿದ ಕಂದು ಗೆರೆ.

"ಕುದಿಸಿದೆಯಾ?" ಎಂದರು, ಸತ್ತವರ ಸುದ್ದಿ ಕೇಳುವ ದನಿಯಲ್ಲಿ.

"ಎರಡು ಗಂಟೆ ಕುದಿಸಿದೆ. ಆಮೇಲೆ ಬೆಲ್ಲ, ಶುಂಠಿ, ಜೀರಿಗೆ ಹಾಕಿದೆ" ಎಂದಳು ಕುಶಲಾ. "ಮತ್ತೆಂತ ಮಾಡುದು? ನೀವು ಜೀಪು ಹತ್ತುವ ಮೊದ್ಲೇ ರೈಗಳ ಹೆಂಡತಿ ಶಶಿಪ್ರಭಾ ಗೋಡೆಯ ಹತ್ರ ಬಂದು ಹೇಳಿದ್ರು. 'ಇವರಿಗೆ ಮೂರು ದಿನದಿಂದ ಊಟ ಸೇರುದಿಲ್ಲ, ನಿಮ್ಮ ಮನೆ ಕಡೆಗೇ ಮೂಗು ಮಾಡಿ ಕೂತ್ಕೊಳ್ತಾರೆ' ಅಂತ. ರೈಡ್ ಆಗ್ತದೇಂತ ಹೆದರಿ ಒಲೆ ಹಚ್ಚಿದೆ."

"ಅಂದ್ರೆ ನಿನಗೆ ಗೊತ್ತಿತ್ತಾ?"

"ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಕಲ್ಲು ಯಾವುದು ಕಳ್ಳು ಯಾವುದೂಂತ ಗೊತ್ತಾಗುದಿಲ್ವಾ?"

ಶೆಟ್ಟರಿಗೆ ಬೈಯಬೇಕೆನಿಸಿತು, ಕಾಲಿಗೆ ಬೀಳಬೇಕೆಂದೂ ಅನಿಸಿತು. ಎರಡೂ ಮಾಡದೆ ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು. ಹೋಗಲಿ, ಎಂದುಕೊಂಡರು. ಇನ್ನೊಮ್ಮೆ ಮಾಡುತ್ತೇನೆ. ಬಾವರ ಅಂಗಡಿ ಬೇಡ, ಬೇರೆ ಕಡೆಯಿಂದ ಬಾರ್ಲಿ ತರುತ್ತೇನೆ. ಹೇಗೂ ಇದು ಬಿಯರ್ ಅಲ್ಲವೆಂದು ಸರ್ಕಾರವೇ ಬರೆದುಕೊಂಡಾಗಿದೆ. ಆಳ್ವರ ಬಾಯಿಂದ ಆ ಮಾತು ಹೊರಡಿಸದೆ ಬಿಡುವುದಿಲ್ಲ.

ಅಷ್ಟರಲ್ಲಿ ಗೋಡೆಯ ಮೇಲೆ ಮೂಗು ಕಾಣಿಸಿತು.

"ಶೆಟ್ರೇ" ಎಂದರು ರೈಗಳು ಪಿಸುದನಿಯಲ್ಲಿ. "ಒಂದು ಮಾತು ಕೇಳ್ತೇನೆ, ತಪ್ಪು ತಿಳೀಬೇಡಿ. ಬೆಳಗ್ಗೆ ಬರ್ತಿದ್ದ ಆ ಪರಿಮಳ ಎಲ್ಲಿ ಹೋಯ್ತು?"

ಶೆಟ್ಟರಿಗೆ ಇನ್ನು ಮುಚ್ಚಿಡುವ ಚೈತನ್ಯವಿರಲಿಲ್ಲ. "ಕುದಿಸಿಬಿಟ್ಟಳು. ನಿಮಗೆ ಹೆದರಿ."

"ಕುದಿಸಿದ್ರಾ!" ರೈಗಳು ಗೋಡೆಗೆ ತಲೆ ಆನಿಸಿದರು. "ಅಯ್ಯೋ ಮಾರಾಯ್ರೆ! ಮೂರು ದಿನದಿಂದ ನನಗೆ ನಿದ್ರೆ ಇಲ್ಲ. ಹದಿನೈದು ವರ್ಷ ಸರ್ವೀಸಿನಲ್ಲಿ ಎಷ್ಟೋ ಮಡಕೆ ಒಡೆದಿದ್ದೇನೆ. ಇಂಥ ಪರಿಮಳ ಒಂದರಲ್ಲೂ ಇರ್ಲಿಲ್ಲ. ಅಂಗಡಿಯ ಬಾಟ್ಲಿಯಲ್ಲೂ ಇರುದಿಲ್ಲ. ಒಂದು ಗ್ಲಾಸು ಕೊಡ್ತೀರೋ ಅಂತ ಬೆಳಗ್ಗೆಯಿಂದ ನಿಮ್ಮ ಹಿಂದೆ ಸುತ್ತಿದೆ. ಯೂನಿಫಾರ್ಮ್ ಇಲ್ಲ ಅಂದೆ, ಡ್ಯೂಟಿ ಇಲ್ಲ ಅಂದೆ. ಇನ್ನು ಎಷ್ಟು ಬಿಡಿಸಿ ಹೇಳುದು?"

ಊರಿನಲ್ಲಿ ಶೆಟ್ಟರ ಬಿಯರನ್ನು ಬಿಯರೆಂದು ಗುರುತಿಸಿದ ಮೂಗು ಒಂದೇ ಒಂದು. ಅದರ ಒಡೆಯನಿಂದಲೇ ಅವರು ದಿನವಿಡೀ ತಪ್ಪಿಸಿಕೊಂಡು ತಿರುಗಿದ್ದರು.

"ರೈಗಳೇ, ಬೇಜಾರು ಮಾಡ್ಬೇಡಿ" ಎಂದು ಅವರು ಉಕ್ಕಿ ಬಂದ ಉತ್ಸಾಹದಲ್ಲಿ ಗೋಡೆಯ ಹತ್ತಿರ ಓಡಿದರು. "ನಾಳೆಯೇ ಬಾರ್ಲಿ ನೆನೆ ಹಾಕ್ತೇನೆ. ಒಂದು ತಿಂಗಳು ತಡೆದುಕೊಳ್ಳಿ. ಮೊದಲ ಗ್ಲಾಸು ನಿಮ್ಮದೇ."

"ಎಲ್ಲಿಯ ತಿಂಗಳು?" ಎಂದರು ರೈಗಳು. "ಬುಧವಾರ ನನಗೆ ಬಳ್ಳಾರಿಗೆ ವರ್ಗ. ನನ್ನ ಜಾಗಕ್ಕೆ ಬರುವವರಿಗೆ ಇದೇ ಮನೆ ಗೊತ್ತು ಮಾಡಿ ಆಗಿದೆ. ಅವರು ಚಹಾ ಕೂಡ ಕುಡಿಯುವವರಲ್ಲ. ಇವತ್ತಿನ ಕಾಗದ ಫೈಲಿನಲ್ಲಿ ಉಂಟಲ್ಲ, ಬಂದ ದಿನ ಮೊದಲು ಓದುದೇ ನಿಮ್ಮ ಹೆಸರು. ಇನ್ನು ಬಾರ್ಲಿ ಮುಟ್ಬೇಡಿ ಶೆಟ್ರೇ."

ಮೂಗು ಗೋಡೆಯ ಆಚೆ ಇಳಿಯಿತು.

ಭರಣಿಯಲ್ಲಿ ಇನ್ನೂ ಇಪ್ಪತ್ತು ಸೇರಿನಷ್ಟು ಬಾರ್ಲಿ ಕಷಾಯ ಉಳಿದಿತ್ತು. ಬೆಲ್ಲ ಹಾಕಿದ್ದನ್ನು ಚೆಲ್ಲುವ ಹೆಂಗಸಲ್ಲ ಕುಶಲಾ. ಅವಳು ಲೋಟ ತುಂಬಿಸಿಕೊಂಡು ಬಂದು ಗಂಡನ ಕೈಗೆ ಕೊಟ್ಟಳು. ಎದುರು ಮನೆಯ ಕಿಟಕಿಯಲ್ಲಿ ಗೆರ್ಟ್ರೂಡ್ ಬಾಯಿ ಕಾವಲು ಕೂತಿದ್ದರು. ಬಿಯರ್ ಅಲ್ಲವೆಂದು ಸಹಿ ಹಾಕಿದ ಮೇಲೆ ಅದು ಔಷಧವೇ, ಔಷಧವೆಂದ ಮೇಲೆ ಕಲ್ಲು ಇದ್ದೇ ಇದೆ ಎಂದು ಅವರು ಬೀದಿಗೆಲ್ಲ ತೀರ್ಮಾನ ಕೊಟ್ಟಾಗಿತ್ತು.

"ಪೂರ್ತಿ ಕುಡೀಬೇಕು ಶೆಟ್ರೇ!" ಎಂದು ಅವರು ಅಲ್ಲಿಂದಲೇ ಕೂಗಿದರು. "ತಳ ಕಾಣ್ಬೇಕು!"

ಶೆಟ್ಟರು ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಕಿಟಕಿಯ ಕಡೆ ತಿರುಗಿಸಿ ತೋರಿಸಿದರು.